ತಾವೇ ಸಾಯುವ ಸೊಳ್ಳೆಗಳು

ಹುಳ ಕಂಡರೆ ಹೆದರಬೇಡ, ನೀರು ಚೆಲ್ಲಲೂ ಬೇಡ ಎಂದು ಅಕ್ಕನಿಗೆ ಹೇಳಿದವನು ನಾನೇ. ಬೇರೆ ಯಾರೂ ಅಲ್ಲ. ಅವಳ ಹಿತ್ತಲಿನ ನೀಲಿ ಡ್ರಮ್ಮಿನ ಪಕ್ಕ ನಿಂತು, ಅವಳೇ ಕೊಟ್ಟ ಕಾಫಿ ಹೀರುತ್ತಾ, ದೊಡ್ಡ ವಿಜ್ಞಾನಿಯ ಹಾಗೆ ಹೇಳಿದ್ದೆ.

"ಇವು ನಮ್ಮವು ಕಣಕ್ಕಾ. ನಾವು ಬಿಟ್ಟ ಗಂಡು ಸೊಳ್ಳೆಗೆ ಹುಟ್ಟಿದ ಮರಿಗಳು. ರೆಕ್ಕೆ ಬರೋ ಮುಂಚೆನೇ ತಾವೇ ಸಾಯ್ತವೆ. ಬಿಟ್ಬಿಡು."

"ಸಾಯ್ಲಿ ಅಂತಾನೇ ಹುಟ್ಟಿಸ್ತೀರಾ? ಥೂ, ಎಂಥಾ ಕೆಲಸವೋ ನಿಂದು."

"ಕಚ್ಚಿಸ್ಕೊಂಡು ನೀನು ಮಲಗೋದಕ್ಕಿಂತ ವಾಸಿ ಅಲ್ವಾ?"

ಅಕ್ಕ ಲೇನಿ ನಕ್ಕು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಕೇಳಿಸ್ಕೊಂಡ್ಯಾ, ನಿನ್ನ ಮಾವ ಸೊಳ್ಳೆಗಳ ಅಪ್ಪ ಅಂತೆ" ಎಂದಿದ್ದಳು. ಆಗ ಅವಳಿಗೆ ಎರಡು ತಿಂಗಳು.

ಲೇನಿ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಆರನೇ ಕ್ಲಾಸಿನಲ್ಲಿ ನಾನು ಶಾಲೆ ಬಿಟ್ಟಾಗ ಪೊರಕೆ ಹಿಡಿದು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂದವಳೂ ಅವಳೇ. ಜೂರಂದಿರ್ ಭಾವನನ್ನು ಮದುವೆಯಾಗಿ ಏಳು ವರ್ಷವಾಗಿತ್ತು. ಎರಡು ಬಸಿರು ನಿಂತಿರಲಿಲ್ಲ. ಮೂರನೆಯದು ಬಂದದ್ದು ಆ ವರ್ಷ. ಯಾವ ವರ್ಷ ಗೊತ್ತಲ್ಲ. ಪಕ್ಕದ ರಾಜ್ಯ ಪೆರ್ನಂಬುಕೊದಿಂದ ಹಿಡಿದು ನಮ್ಮ ಬಹಿಯಾದ ತನಕ ಹುಟ್ಟುವ ಕೂಸುಗಳ ತಲೆ ಬೆಳೆಯದೆ ಸಣ್ಣದಾಗಿಯೇ ಉಳಿಯುತ್ತಿದ್ದ ವರ್ಷ. ಟೀವಿ ಹಾಕಿದರೆ ಸಾಕು, ಅಮ್ಮಂದಿರು ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ಕೂತಿರುತ್ತಿದ್ದರು. ನರ್ಸುಗಳು ಆ ಪುಟ್ಟ ತಲೆಗಳಿಗೆ ಅಳತೆಯ ಟೇಪು ಸುತ್ತುತ್ತಿದ್ದರು. ಸೊಳ್ಳೆಯಿಂದ ಹರಡುವ ಜೀಕಾ ಜ್ವರ, ಬಸುರಿಗೆ ಬಂದರೆ ಹೊಟ್ಟೆಯ ಕೂಸಿನ ಮಿದುಳನ್ನೇ ತಿನ್ನುತ್ತದೆ ಎಂದರು. ಲೇನಿ ಟೀವಿ ಆರಿಸಿ ಅದರ ಮೇಲೆ ಬಟ್ಟೆ ಹೊದಿಸಿಬಿಟ್ಟಳು.

ನಾನು ಸೊಳ್ಳೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಊರಿನ ಸೊಳ್ಳೆಯ ವಂಶ ಅಳಿಸಲು ಕಟ್ಟಿದ ಕಾರ್ಖಾನೆ ಅದು. ಅಲ್ಲಿ ಬೆಳೆಸುವ ಸೊಳ್ಳೆಯ ಒಳಗೆ ಬೇರೆ ಜೀವಿಗಳ ವಂಶವಾಹಿ ಸೇರಿಸಿದ್ದರು. ಒಂದು ತುಂಡು ಕಡಲಿನ ಹವಳದ ಜಾತಿಯ ಯಾವುದೋ ಜೀವಿಯದು. ಅದರಿಂದ ಹುಳದ ಮೈ ಹಸಿರು ದೀಪದ ಕೆಳಗೆ, ಕೆಂಪು ಗಾಜಿನ ಕನ್ನಡಕ ಹಾಕಿ ನೋಡಿದರೆ ಕೆಂಡದ ಹಾಗೆ ಹೊಳೆಯುತ್ತದೆ. ಕಡಲನ್ನೇ ಕಾಣದ ಊರಿನ ಸೊಳ್ಳೆಯಲ್ಲಿ ಕಡಲಿನ ಬೆಂಕಿ! ಇನ್ನೊಂದು ತುಂಡು ಮರಿಯನ್ನು ಒಳಗಿನಿಂದಲೇ ಕೊಲ್ಲುತ್ತದೆ. ಆದರೆ ನೀರಿನಲ್ಲಿ ಒಂದು ಬಗೆಯ ಆ್ಯಂಟಿಬಯಾಟಿಕ್ ಪುಡಿ ಇದ್ದರೆ ಕೊಲ್ಲುವುದಿಲ್ಲ. ಅದಕ್ಕೇ ನಮ್ಮ ಟ್ರೇಗಳಿಗೆ ಬೆಳಗ್ಗೆಯೂ ಸಂಜೆಯೂ ಆ ಹಳದಿ ಪುಡಿ. ಬೆಳೆದವುಗಳಲ್ಲಿ ಹೆಣ್ಣನ್ನು ಜರಡಿ ಹಿಡಿದು ತೆಗೆದು, ಕಚ್ಚದ ಗಂಡುಗಳನ್ನು ಮಾತ್ರ ಡಬ್ಬಿಗಳಿಗೆ ತುಂಬಿ ವ್ಯಾನಿನಲ್ಲಿ ಬೀದಿ ಬೀದಿಗೆ ಒಯ್ದು ಬಿಡುತ್ತಿದ್ದೆವು. ಅವು ಊರಿನ ಹೆಣ್ಣುಗಳನ್ನು ಕೂಡಿದರೆ ಹುಟ್ಟುವ ಮರಿಗಳಿಗೆ ಊರಿನ ನೀರಿನಲ್ಲಿ ಪುಡಿ ಎಲ್ಲಿಂದ ಬರಬೇಕು? ಸಾಯುತ್ತವೆ. ಇಷ್ಟೇ ವಿಷಯ. ನನಗೆ ಕಲಿಸಿದವರು ಇಷ್ಟನ್ನೇ ಕಲಿಸಿದ್ದು.

ಊರವರು ನನ್ನನ್ನು ಸೊಳ್ಳೆ ಸಾಕೋನು ಎಂದು ಕರೆಯುತ್ತಿದ್ದರು. ಕೂಸುಗಳ ತಲೆ ಸಣ್ಣದಾಗುತ್ತಿರುವುದೇ ನಿಮ್ಮ ಸೊಳ್ಳೆಯಿಂದ ಎಂದು ಬೇಕರಿಯ ಮುಂದೆ ಒಬ್ಬ ನನ್ನ ಕೊರಳಪಟ್ಟಿ ಹಿಡಿದ. ಅವನ ಮೂಗಿಗೆ ಗುದ್ದಿದೆ. ರಕ್ತ ಬಂತು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ಅಕ್ಕನ ಬೀದಿಗೆ ವ್ಯಾನು ಹೋದಾಗಲೆಲ್ಲ ಅವಳ ಬಾಗಿಲ ಮುಂದೆ ಒಂದು ಡಬ್ಬಿ ಹೆಚ್ಚಿಗೆ ತೆರೆಯುತ್ತಿದ್ದೆ. ಡ್ರೈವರ್ ಜುವೆನ್ಸಿಯೊ ಕಣ್ಣು ಮಿಟುಕಿಸಿ ಸುಮ್ಮನಿರುತ್ತಿದ್ದ.

ಆಮೇಲೆ ಅಕ್ಕನ ಕೋಳಿಗಳಿಗೆ ರೋಗ ಬಂತು. ಕಣ್ಣು ಊದಿಕೊಂಡು, ಮೂಗು ಸುರಿಸುತ್ತಾ, ಗೋಡೆಯ ಬುಡದಲ್ಲಿ ಮುದುರಿ ಕೂತಿದ್ದವು. ದಿನಕ್ಕೆರಡು ಮೊಟ್ಟೆ ತಿನ್ನು ಎಂದು ಆರೋಗ್ಯ ಕೇಂದ್ರದಲ್ಲಿ ಅವಳಿಗೆ ಹೇಳಿದ್ದರು. ಕಾರ್ಖಾನೆಯ ಹಳದಿ ಪುಡಿಯನ್ನೇ ಕೋಳಿಗಳಿಗೂ ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಒಡೆದ ಚೀಲದಿಂದ ಒಂದು ಕಾಫಿ ಡಬ್ಬಿಯಷ್ಟು ಬಾಚಿಕೊಂಡು ಬಂದೆ. "ಕೋಳಿ ಕುಡಿಯೋ ನೀರಿಗೆ ಚಿಟಿಕೆ ಹಾಕು" ಎಂದು ಕೊಟ್ಟೆ. ಒಂದು ವಾರದಲ್ಲಿ ಕೋಳಿಗಳು ಗೋಡೆ ಹಾರತೊಡಗಿದವು. ಅಕ್ಕ ನನಗೆ ಮುಸುಕಿನ ಜೋಳದ ರವೆ ಬೇಯಿಸಿ ಕುಸ್ಕುಸ್ ಮಾಡಿ, ಮೇಲೆ ಎರಡು ಮೊಟ್ಟೆ ಒಡೆದು ಹಾಕಿಕೊಟ್ಟಳು. ಹೊಟ್ಟೆ ಬಿರಿಯ ತಿಂದೆ.

ಅಷ್ಟಾದ ಒಂದೂವರೆ ತಿಂಗಳಿಗೆ, ಒಂದು ಮಂಗಳವಾರ ಬೆಳಗ್ಗೆ, ಕಾರ್ಖಾನೆಯ ಮೇಲ್ವಿಚಾರಕಿ ದೋನಾ ಇವೊನೇಟ್ ವ್ಯಾನಿನವರನ್ನೆಲ್ಲ ಕತ್ತಲೆ ಕೋಣೆಗೆ ಕರೆದರು. ಮೇಜಿನ ಮೇಲೆ ಗಾಜಿನ ತಟ್ಟೆಯಿತ್ತು.

"ಅಲ್ಟೊ ದಾ ಬಾರ್ಕಾದ ಮನೆಗಳಿಂದ ಹೀರುಯಂತ್ರದಲ್ಲಿ ಹಿಡಿದದ್ದು. ಒಬ್ಬೊಬ್ಬರೇ ಬಂದು ನೋಡಿ."

ಅಲ್ಟೊ ದಾ ಬಾರ್ಕಾ ಎಂದರೆ ಅಕ್ಕನ ಬೀದಿ. ಕನ್ನಡಕ ಹಾಕಿ ಬಗ್ಗಿದೆ. ಸೊಳ್ಳೆಗಳು ಹೊಳೆಯುತ್ತಿದ್ದವು. ಹದಿನೇಳು. ರೆಕ್ಕೆ ಬಂದು ಬಲಿತವು. ಹೊಟ್ಟೆ ದಪ್ಪಗಿದ್ದವು.

"ಹೆಣ್ಣು" ಎಂದರು ದೋನಾ ಇವೊನೇಟ್. "ಹದಿನೇಳೂ ಹೆಣ್ಣು. ಹೊಟ್ಟೆ ತುಂಬ ಮನುಷ್ಯರ ರಕ್ತ."

"ಕ್ರಿಸ್‌ಮಸ್‌ಗೆ ಮರಕ್ಕೆ ಕಟ್ಬೋದು, ಏನು ಮಿಂಚ್ತಿವೆ ನೋಡಿ" ಎಂದ ಜುವೆನ್ಸಿಯೊ. ಯಾರೂ ನಗಲಿಲ್ಲ.

"ಜರಡಿಯಲ್ಲಿ ತಪ್ಪಿಸ್ಕೊಂಡವಾ?" ಎಂದೆ.

"ಅಲ್ಲ. ನಮ್ಮವಕ್ಕೆ ನಾವು ಸೇರಿಸಿದ ತುಂಡು ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರತ್ತೆ, ಇವಕ್ಕೆ ಅಪ್ಪನಿಂದ ಮಾತ್ರ ಬಂದಿದೆ. ಹೊರಗೇ ಹುಟ್ಟಿದ್ದು. ಸಾಯಬೇಕಿತ್ತು, ಸತ್ತಿಲ್ಲ. ಅಂದ್ರೆ ಅಲ್ಲೆಲ್ಲೋ ನೀರಲ್ಲಿ ಔಷಧಿ ಸಿಗ್ತಿದೆ ಇವಕ್ಕೆ. ಕೋಳಿ ಫಾರಂ, ಹಂದಿ ಕೊಟ್ಟಿಗೆ, ಏನಾದ್ರೂ ಇದೆಯಾ ಆ ಬೀದೀಲಿ?"

"ಎದಿಮಾರ್‌ನ ಅಕ್ಕ ಅಲ್ಲೇ ಇರೋದು. ಅವನನ್ನೇ ಕೇಳಿ" ಎಂದ ಜುವೆನ್ಸಿಯೊ.

ಎಲ್ಲರೂ ನನ್ನನ್ನು ನೋಡಿದರು.

"ಏನಿಲ್ಲ ಮೇಡಂ. ಬರೀ ಮನೆಗಳು."

"ಇವು ಕಚ್ಚಿದ್ರೆ ಏನಾಗತ್ತೆ?" ಇನ್ನೊಬ್ಬ ಕೇಳಿದ.

"ಊರಿನ ಸೊಳ್ಳೆ ಕಚ್ಚಿದ್ರೆ ಆಗೋದೇ. ನಾವು ಸೇರಿಸಿದ್ದು ಮನುಷ್ಯರೊಳಕ್ಕೆ ದಾಟಲ್ಲ. ಆ ಪುಕಾರೆಲ್ಲ ನಂಬ್ಬೇಡಿ. ಆದ್ರೆ ಜೀಕಾ ಇರೋ ಒಬ್ಬರನ್ನ ಕಚ್ಚಿ, ಸ್ವಲ್ಪ ದಿನ ಬಿಟ್ಟು ಇನ್ನೊಬ್ಬರನ್ನ ಕಚ್ಚಿದ್ರೆ ಅಂಟಿಸತ್ತೆ. ಬೇರೆ ಸೊಳ್ಳೆ ಹಾಗೇ."

ಬೇರೆ ಸೊಳ್ಳೆ ಹಾಗೇ. ಅಕ್ಕನ ಗೋಡೆಯಾಚೆ ಅಬ್ದಿಯಾಸ್ ತಾತ ಹತ್ತು ದಿನದಿಂದ ಜ್ವರ, ಮೈತುಂಬ ಕೆಂಪು ಗಂಧೆ ಎಂದು ಮಲಗಿದ್ದರು.

ಮಧ್ಯಾಹ್ನದ ಊಟದ ಹೊತ್ತಿಗೆ ಹಸಿರು ದೀಪವನ್ನೂ ಕನ್ನಡಕವನ್ನೂ ಅಂಗಿಯೊಳಗೆ ಸೇರಿಸಿಕೊಂಡು ಸೈಕಲ್ ತುಳಿದೆ. ಸುಡುವ ಬಿಸಿಲು. ಅಕ್ಕ ಮಾವಿನಹಣ್ಣು ಪ್ಯಾಕ್ ಮಾಡುವ ಶೆಡ್ಡಿನಿಂದ ಆಗ ತಾನೇ ಬಂದಿದ್ದಳು. ನಾನು ಮಾತಾಡದೆ ನೇರ ಹಿತ್ತಲಿಗೆ ಹೋದೆ. ಕೋಳಿಗಳ ತಟ್ಟೆಯಲ್ಲಿ ತಿಳಿನೀರಿತ್ತು, ಹುಳ ಇರಲಿಲ್ಲ. ಒಂದು ಕ್ಷಣ ಜೀವ ಬಂದಂತಾಯಿತು.

"ಅಕ್ಕಾ, ಆ ಪುಡಿ ಯಾವುದಕ್ಕೆ ಹಾಕ್ತಿದ್ದೆ?"

"ಡ್ರಮ್ಮಿಗೆ."

"ಡ್ರಮ್ಮಿಗಾ? ಕೋಳಿ ನೀರಿಗೆ ಚಿಟಿಕೆ ಅಂದಿದ್ದೆ ನಾನು!"

"ದಿನಾ ಚಿಟಿಕೆ ಹಾಕ್ತಾ ಕೂರೋಕೆ ನನಗೆ ಕೆಲಸ ಇಲ್ವಾ? ನಲ್ಲಿ ನೀರು ಬರೋದು ವಾರಕ್ಕೆರಡು ಸಲ. ಬಂದಾಗ ಡ್ರಮ್ ತುಂಬ್ಸಿ, ಒಂದು ಚಮಚ ಹಾಕಿ ಕಲಕಿ ಬಿಡ್ತೀನಿ. ಅದರಿಂದಾನೇ ಕೋಳಿಗೆ ಬಗ್ಗಿಸೋದು. ಯಾಕೆ, ಜಾಸ್ತಿಯಾಯ್ತಾ?"

ಡ್ರಮ್ಮಿನ ಮೇಲಿನ ಹಲಗೆ ಸರಿಸಿದೆ. ಅಂಗಿಯನ್ನು ಬಿಚ್ಚಿ ತಲೆಯ ಮೇಲಿಂದ ಡ್ರಮ್ಮಿನ ಬಾಯಿಗೆ ಮುಚ್ಚಿ, ಒಳಗೆ ಕತ್ತಲೆ ಮಾಡಿಕೊಂಡು, ಕನ್ನಡಕ ಏರಿಸಿ ದೀಪ ಹಾಕಿದೆ.

ಕೆಂಡಗಳು. ನೂರಾರು. ಮೇಲಕ್ಕೆ ಬಂದು ಉಸಿರೆಳೆದು, ಬೆಳಕಿಗೆ ಬೆದರಿ ಬಳುಕುತ್ತಾ ತಳಕ್ಕೆ ಇಳಿಯುತ್ತಿದ್ದವು. ಕೆಲವು ಆಗಲೇ ಕೋಶಗಟ್ಟಿದ್ದವು. ಒಂದು ನನ್ನ ಕಣ್ಣೆದುರೇ ಕೋಶ ಬಿರಿದು, ನೀರಿನ ಮೇಲೆ ನಿಂತು ರೆಕ್ಕೆ ಒಣಗಿಸಿಕೊಂಡಿತು. ಆಮೇಲೆ ನನ್ನ ಕೆನ್ನೆಯ ಪಕ್ಕದಿಂದ ಹಾರಿ ಹೋಯಿತು.

ಆರು ವರ್ಷ ಶಾಲೆಗೆ ಹೋದವನಿಗೂ ಕೂಡಿ ನೋಡಲು ಬರುತ್ತಿತ್ತು. ಪುಡಿ ಇಲ್ಲದಿದ್ದರೆ ಸಾಯುತ್ತವೆ ಎಂದು ಕಾರ್ಖಾನೆಯವರು ಹೇಳಿದ್ದರು. ಪುಡಿ ಇದ್ದರೆ ಬದುಕುತ್ತವೆ ಎನ್ನುವುದನ್ನು ನಾನು ದಿನಾ ಕೈಯಾರೆ ಮಾಡುತ್ತಿದ್ದೆ. ಆ ಪುಡಿಯನ್ನು ನಾನೇ ತಂದು ಕೊಟ್ಟೆ. ಹುಳ ಚೆಲ್ಲಬೇಡ ಎಂದೂ ನಾನೇ ಹೇಳಿದೆ. ಹೆಚ್ಚಿಗೆ ಒಂದು ಡಬ್ಬಿ ಗಂಡುಗಳನ್ನೂ ನಾನೇ ಅವಳ ಬಾಗಿಲಲ್ಲಿ ಬಿಟ್ಟೆ. ವೈರಿ ಕೂಡ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

"ಏನೋ ಅದು, ಡ್ರಮ್ಮಿನ ಜೊತೆ ಸರಸ?" ಹಿಂದಿನಿಂದ ಅಕ್ಕ ನಗುತ್ತಿದ್ದಳು. "ಬೆತ್ತಲೆ ಮೈಯಲ್ಲಿ ಬೇರೆ. ಆಚೆಮನೆ ಹುಡುಗೀರು ನೋಡಿದ್ರೆ ಕೆಟ್ಟೆ ನೀನು."

ನಾನು ಡ್ರಮ್ಮಿಗೆ ಭುಜ ಕೊಟ್ಟು ಉರುಳಿಸಿದೆ. ನೀರೆಲ್ಲ ಕೆಂಪು ಮಣ್ಣಿಗೆ ಹರಿಯಿತು. ಕೋಳಿಗಳು ಓಡಿಬಂದು ಹುಳಗಳನ್ನು ಹೆಕ್ಕತೊಡಗಿದವು.

"ಅಯ್ಯೋ ಮೂಳ! ಶುಕ್ರವಾರದ ತನಕ ನೀರಿಲ್ಲ ಕಣೋ!"

"ಪಾಚಿ ಕಟ್ಟಿತ್ತು. ನದಿಯಿಂದ ನಾನು ತಂದು ಕೊಡ್ತೀನಿ. ಆ ಪುಡಿ ಡಬ್ಬಿ ಎಲ್ಲಿ? ಕೊಡು."

"ಹೇಳಿ ಉರುಳಿಸೋಕೇನಾಗಿತ್ತು? ಯಾಕೋ ಮುಖ ಸುಣ್ಣ ಬಳಿದ ಹಾಗಿದೆ?"

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅವಳು ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದಳು, ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿತ್ತು. ಹೋದ ಎರಡು ಸಲವೂ ಆ ಹೊಟ್ಟೆ ಇಷ್ಟು ಬಂದಿರಲೇ ಇಲ್ಲ. ಬಿಸಿಲು ಎಂದೆ. ಬಿಸಿಲಿಗೆ ತಲೆ ಸುತ್ತಿತು ಎಂದೆ.

ಆಮೇಲಿನ ದಿನಗಳಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಕ್ಕನ ಮನೆಗೆ ಹೋಗಿ ಅವಳ ಕೈಕಾಲು ನೋಡುತ್ತಿದ್ದೆ. ಕಚ್ಚಿದ ಗುರುತು ಕಂಡರೆ ಎಣಿಸುತ್ತಿದ್ದೆ. ಉದ್ದ ತೋಳಿನ ಅಂಗಿ ತಂದುಕೊಟ್ಟೆ, ಸೊಳ್ಳೆಪರದೆ ತಂದುಕೊಟ್ಟೆ. "ನಿಮ್ಮ ಸೊಳ್ಳೆಗಳು ಕಚ್ಚಲ್ಲ ಅಂತಿದ್ಯಲ್ಲ, ಈಗೇನು ಅವು ಮುನಿಸ್ಕೊಂಡವಾ?" ಎಂದು ಅವಳು ಹಂಗಿಸಿದಳು. ಬೇಕರಿಯ ಮುಂದೆ ನಾನು ಗುದ್ದಿದವನು ಎದುರಾದರೆ ನಾನೇ ಬೇರೆ ಬೀದಿ ಹಿಡಿಯುತ್ತಿದ್ದೆ. ಅವನು ಹೇಳಿದ್ದು ಸುಳ್ಳೆಂದು ಗೊತ್ತಿತ್ತು. ಆದರೂ ಮಲಗಿ ಕಣ್ಣು ಮುಚ್ಚಿದರೆ ಒಂದು ಕೂಸು ಕಾಣುತ್ತಿತ್ತು, ಅದರ ಪುಟ್ಟ ತಲೆ ಒಳಗಿನಿಂದ ಕೆಂಪಗೆ ಹೊಳೆಯುತ್ತಿತ್ತು.

ಸೋಮವಾರ ಬೆಳಗ್ಗೆ ಹೋದಾಗ ಅವಳು ಬಾಗಿಲಲ್ಲೇ ಕೂತು ತೋಳು ಕೆರೆದುಕೊಳ್ಳುತ್ತಿದ್ದಳು. ಎರಡು ತೋಳು, ಕತ್ತು, ಎದೆಯ ಮೇಲ್ಭಾಗ, ಎಲ್ಲ ಕಡೆ ಸಣ್ಣ ಸಣ್ಣ ಕೆಂಪು ಗಂಧೆ. ಕಣ್ಣೂ ಕೆಂಪು.

"ನಿನ್ನೆಯಿಂದ. ಮಾವಿನ ಸೊನೆ ತಾಗಿರ್ಬೇಕು" ಎಂದಳು.

ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ, ತಳ್ಳಿಕೊಂಡೇ ಆರೋಗ್ಯ ಕೇಂದ್ರಕ್ಕೆ ನಡೆದೆ.

ಅಲ್ಲಿದ್ದವರು ಕ್ಯೂಬಾದ ಡಾಕ್ಟರ್ ಯುದೆಲ್ಕಿ. ನಮ್ಮ ಮಾತಿಗೆ ತಮ್ಮ ಸ್ಪ್ಯಾನಿಷ್ ಬೆರೆಸಿ ಆಡುತ್ತಿದ್ದರು, ಆದರೂ ಅವರು ಹೇಳುವುದು ನಮ್ಮ ಮುದುಕಿಯರಿಗೂ ತಿಳಿಯುತ್ತಿತ್ತು. ಅಕ್ಕನ ತೋಳು ತಿರುಗಿಸಿ ನೋಡಿದರು. ಜ್ವರ ಅಷ್ಟೇನೂ ಇರಲಿಲ್ಲ.

"ಎಲ್ಲಿ ಕೆಲಸ?"

"ಮಾವಿನ ಶೆಡ್ಡಲ್ಲಿ ಡಾಕ್ಟ್ರೆ. ಹೋದ ವರ್ಷಾನೂ ಸೊನೆ ತಾಗಿ ಹೀಗೇ ಆಗಿತ್ತು."

"ಮನೇಲಿ ಸೊಳ್ಳೆ?"

ಲೇನಿ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿಕೊಂಡಳು. "ನಮ್ಮನೇಲಾ? ಒಂದೂ ಇಲ್ಲ. ನನ್ನ ತಮ್ಮ ಸೊಳ್ಳೆ ಕಾರ್ಖಾನೇಲಿ ಇದ್ದಾನೆ, ಇವನೇ. ನಮ್ಮ ಬಾಗಿಲಿಗೆ ಅಂತಾನೇ ಬೇರೆಯಾಗಿ ಬಿಡ್ತಾನೆ. ನೀರಲ್ಲಿ ಹುಳ ಕಂಡ್ರೂ ತಾವೇ ಸಾಯ್ತವೆ."

ಡಾಕ್ಟರು ನಕ್ಕರು. "ಪುಣ್ಯವಂತೆ ನೀನು. ಹಾಗಾದ್ರೆ ಸೊನೆಯದೇ. ಮುಲಾಮು ಬರೀತೀನಿ, ಒಂದು ವಾರ ಶೆಡ್ಡಿಗೆ ಹೋಗ್ಬೇಡ."

ಪೆನ್ನು ಕಾಗದದ ಮೇಲೆ ಓಡತೊಡಗಿತು. ಮುಲಾಮು ಬರೆದರೆ ಮುಗಿಯಿತು. ಯಾರೂ ರಕ್ತ ತೆಗೆಯುವುದಿಲ್ಲ, ಯಾರೂ ಹೊಟ್ಟೆ ನೋಡುವುದಿಲ್ಲ. ಏನಿದ್ದರೂ ಹೆರಿಗೆಯ ದಿನವೇ ಗೊತ್ತಾಗುವುದು. ಅಲ್ಲಿಯ ತನಕ ನನ್ನನ್ನು ಯಾರೂ ಕೇಳುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಹೇಡಿಗೆ ಇಷ್ಟು ಸುಲಭದ ದಾರಿ ಇನ್ನೊಂದು ಸಿಗುವುದಿಲ್ಲ. ಕಾಗದ ಹರಿದು ಕೊಡಲು ಡಾಕ್ಟರು ಅದರ ಅಂಚು ಹಿಡಿದರು.

"ಸೊಳ್ಳೆ ಇವೆ ಡಾಕ್ಟ್ರೆ" ಎಂದೆ.

"ಏನು?"

"ಅವಳ ಮನೇಲಿ ಸೊಳ್ಳೆ ಇವೆ. ಸಾಯಲಿಲ್ಲ ಅವು."

"ಯಾಕೋ ಸುಳ್ಳು ಹೇಳ್ತೀಯಾ?" ಎಂದಳು ಅಕ್ಕ.

ಹೇಳಿದೆ. ಪುಡಿ, ಡ್ರಮ್ಮು, ಗಾಜಿನ ತಟ್ಟೆಯ ಹದಿನೇಳು ಹೆಣ್ಣುಗಳು, ಅವುಗಳ ಹೊಟ್ಟೆಯಲ್ಲಿದ್ದ ರಕ್ತ, ಗೋಡೆಯಾಚೆಯ ಅಬ್ದಿಯಾಸ್ ತಾತನ ಗಂಧೆ. ಡಾಕ್ಟರು ಬರೆದ ಕಾಗದವನ್ನು ಮುದ್ದೆ ಮಾಡಿದರು.

"ಗಂಧೆ ಎದ್ದು ಎಷ್ಟು ದಿನ?" ಈಗ ಅವರು ನಗುತ್ತಿರಲಿಲ್ಲ.

"ನಿನ್ನೆಯಿಂದ" ಎಂದಳು ಅಕ್ಕ. ಅವಳ ಕಣ್ಣು ನನ್ನ ಮೇಲೇ ಇತ್ತು.

"ಸರಿ. ಐದು ದಿನ ದಾಟಿದ್ರೆ ರಕ್ತದಲ್ಲಿ ಜೀಕಾ ಹುಡುಕೋದು ಕಷ್ಟವಾಗ್ತಿತ್ತು. ಈಗ್ಲೇ ರಕ್ತ, ಮೂತ್ರ ಎರಡೂ ತಗೋತೀವಿ. ಆಮೇಲೆ ನೇರ ಹೆರಿಗೆ ಆಸ್ಪತ್ರೆಗೆ ಹೋಗಿ, ಚೀಟಿ ಕೊಡ್ತೀನಿ. ಗಂಧೆ ಎದ್ದ ಬಸುರೀರನ್ನ ಅಲ್ಲಿ ಕಾಯಿಸಲ್ಲ." ಆಮೇಲೆ ನನ್ನತ್ತ ತಿರುಗಿದರು. "ಕಾರ್ಖಾನೆಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಹೊರಗಿನ ಜಗಲಿಯಲ್ಲಿ ನಿಂತು ದೋನಾ ಇವೊನೇಟ್‌ಗೆ ಫೋನು ಮಾಡಿದೆ. "ಮಂಗಳವಾರ ನಿನ್ನನ್ನ ಕೇಳಿದ್ದೆ ನಾನು" ಎಂದರು. "ಆ ಬೀದೀಲಿ ಇನ್ನೂ ಇಬ್ಬರು ಬಸುರೀರು ಇದ್ದಾರೆ ಎದಿಮಾರ್. ಗೊತ್ತಾ ನಿನಗೆ? ಮನೆ ನಂಬರ್ ಹೇಳು, ಇವತ್ತೇ ಹೊಗೆ ಹಾಕಿಸ್ತೀನಿ. ನೀನು ನಾಳೆಯಿಂದ ಬರೋದು ಬೇಡ."

ಇನ್ನೂ ಇಬ್ಬರು. ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹೆರಿಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅಕ್ಕ ಸೈಕಲ್ಲಿನ ಮೇಲೆ ಕೂರಲಿಲ್ಲ. ಹತ್ತಿಯ ತುಂಡನ್ನು ಮೊಣಕೈ ಸಂದಿಯಲ್ಲಿ ಒತ್ತಿಕೊಂಡು ನನಗಿಂತ ಮುಂದೆ ನಡೆದಳು. ಸೇತುವೆಯ ಹತ್ತಿರ ನಿಂತಳು.

"ಮಂಗಳವಾರದಿಂದ ಗೊತ್ತಿತ್ತಾ?"

"ಗೊತ್ತಿತ್ತು."

"ಇವತ್ತು ಸೋಮವಾರ."

"ಅಕ್ಕಾ, ನೀನು ಹೆದರ್ಕೊಂಡು ಏನಾದ್ರೂ ಆಗ್ಬಿಟ್ರೆ ಅಂತ..."

"ಸುಮ್ನಿರು. ಹೆದರ್ಕೊಂಡಿದ್ದು ನೀನು." ಮತ್ತೆ ನಡೆದಳು.

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನರ್ಸು, ಜೊತೆಗೆ ಒಬ್ಬರು ಮಾತ್ರ ಬರಬಹುದು ಎಂದಳು. ಭಾವ ನಲವತ್ತು ಕಿಲೋಮೀಟರ್ ದೂರದ ದ್ರಾಕ್ಷಿ ತೋಟದಲ್ಲಿ ಟ್ರಾಕ್ಟರಿನ ಮೇಲಿದ್ದ. ನಾನು ಗೋಡೆಗೆ ಒರಗಿ ನಿಂತೆ.

"ಬಾ" ಎಂದಳು ಅಕ್ಕ.

"ನಾನು ಇಲ್ಲೇ ಇರ್ತೀನಿ."

"ಬಾ ಅಂದೆ. ಜೂರಂದಿರ್‌ಗೆ ನಾನು ಹೇಳಲ್ಲ, ನೀನು ಹೇಳ್ತೀಯಾ. ಡ್ರಮ್ಮಿಂದು ಹೇಳ್ಬೇಕು, ಒಳಗೆ ಏನು ಕಂಡ್ತು ಅದನ್ನೂ ಹೇಳ್ಬೇಕು. ನೋಡ್ದೆ ಹೇಗೆ ಹೇಳ್ತೀಯಾ?"

ಒಳಗೆ ಎಸಿಯ ಚಳಿ. ಅಕ್ಕ ಮಲಗಿದಳು. ಸ್ಕ್ಯಾನ್ ಮಾಡುವ ಹೆಂಗಸು ಹೊಟ್ಟೆಗೆ ಅಂಟು ಸವರಿ, ಯಂತ್ರದ ಹಿಡಿಯನ್ನು ಒತ್ತಿ ಆಚೀಚೆ ಸರಿಸಿದಳು. ಪರದೆಯ ಮೇಲೆ ಮೊದಲು ಬೂದಿಯ ಹಾಗೆ ಏನೇನೋ ಕದಲಿತು. ಆಮೇಲೆ ದುಂಡಗೆ ಒಂದು ಗೆರೆ ಮೂಡಿ ನಿಂತಿತು. ಯಾರೂ ಹೇಳದಿದ್ದರೂ ತಲೆ ಎಂದು ತಿಳಿಯಿತು. ಹೆಂಗಸು ಆ ದುಂಡಿನ ಒಂದು ಅಂಚಿಗೆ ಚಿಕ್ಕ ಶಿಲುಬೆಯಂಥ ಗುರುತು ಇಟ್ಟಳು, ಇನ್ನೊಂದನ್ನು ಎದುರಿನ ಅಂಚಿಗೆ ಎಳೆದುಕೊಂಡು ಹೋದಳು. ಅಕ್ಕ ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಹೆಂಗಸು ಇನ್ನೊಮ್ಮೆ ಅಳೆದಳು. ಮೂರನೆಯ ಸಲವೂ ಅಳೆದಳು.

"ಯಾಕೆ ಮತ್ತೆ ಮತ್ತೆ ಅಳೀತೀರಾ?" ನಾನು ಕಿರುಚಿದೆ.

"ಕಿರುಚ್ಬೇಡ. ಎಲ್ಲರಿಗೂ ಮೂರು ಸಲಾನೇ." ಅವಳು ಅಕ್ಕನತ್ತ ತಿರುಗಿ ದನಿ ಇಳಿಸಿದಳು. "ಹದಿನಾರು ವಾರಕ್ಕೆ ಎಷ್ಟಿರ್ಬೇಕೋ ಅಷ್ಟಿದೆ. ಆದ್ರೆ ಕೇಳು ತಾಯಿ, ನಿನ್ನೆ ಮೊನ್ನೆ ಬಂದದ್ದು ಇವತ್ತು ಇಲ್ಲಿ ಕಾಣಲ್ಲ. ಇವತ್ತಿನ ಅಳತೆ ಇವತ್ತಿಗೆ ಮಾತ್ರ. ರಕ್ತದ ಫಲಿತಾಂಶ ಬರ್ಲಿ. ನಾಲ್ಕು ವಾರ ಬಿಟ್ಟು ಮತ್ತೆ ನೋಡೋಣ. ಆಮೇಲೆ ಹೆರಿಗೆ ತನಕ ನಾಲ್ಕು ವಾರಕ್ಕೊಂದು ಸಲ."

ಅಕ್ಕ ಮಲಗಿದಲ್ಲಿಂದಲೇ ಬೆರಳು ಮಡಚಿ ಎಣಿಸಿದಳು. ಇನ್ನು ಐದು ಸಲ, ಇಲ್ಲ ಆರು.

"ಪ್ರತಿ ಸಲಾನೂ ಇವನು ಬರ್ತಾನೆ" ಎಂದಳು. "ಇವನ ಹೆಸರೂ ಬರ್ಕೊಳ್ಳಿ."

ಹೆಂಗಸು ಪೆನ್ನು ತೆಗೆದು ನನ್ನ ಕಡೆ ನೋಡಿದಳು. ನನ್ನ ಹೆಸರು ಹೇಳಲು ಎರಡು ಸಲ ಪ್ರಯತ್ನಿಸಬೇಕಾಯಿತು.